ಬೆರಕೆ ನಾಯಿಯ ಬಲ

(ಬಾನುಲಿ ಭಾಷಣ)

ಪಶುವೈದ್ಯಶಾಲೆಯ ಚೀಟಿಯಲ್ಲಿ ತಳಿ ಎಂಬುದೊಂದು ಕಲಂ ಇರುತ್ತದೆ. ನಮ್ಮ ಮನೆಯ ನಾಯಿ ಬೆಳ್ಳಿಯ ಚೀಟಿಯಲ್ಲಿ ಆ ಕಲಮಿನ ಎದುರು ಎನ್. ಡಿ. ಎಂಬ ಎರಡು ಅಕ್ಷರಗಳಿವೆ. ಅದು ಏನೋ ದೊಡ್ಡ ಪದವಿಯಿರಬೇಕೆಂದು ನನ್ನ ಮೊಮ್ಮಗ ಬಹಳ ದಿನ ನಂಬಿದ್ದ. ನಾನ್‌ಡಿಸ್ಕ್ರಿಪ್ಟ್ ಎಂಬ ಇಂಗ್ಲಿಷ್ ಮಾತಿನ ಸಂಕ್ಷೇಪ ಅದು. ಇಂಥದೆಂದು ಬಣ್ಣಿಸಿ ಹೇಳಲು ಬಾರದ್ದು ಎಂದರ್ಥ. ವೈದ್ಯರ ಭಾಷೆ ಸಭ್ಯವಾದದ್ದು. ಬೀದಿಯ ಭಾಷೆಗೆ ಅಷ್ಟು ದಾಕ್ಷಿಣ್ಯವಿಲ್ಲ. ಅದು ಕಂತ್ರಿ ಎಂದುಬಿಡುತ್ತದೆ. ನಾಡು ಎಂಬರ್ಥದ ಕಂಟ್ರಿ ಎಂಬ ಇಂಗ್ಲಿಷ್ ಶಬ್ದವೇ ನಮ್ಮ ನಾಲಗೆಗೆ ಬಂದು ಕಂತ್ರಿಯಾಯಿತು. ನಾಡಿನದು ಎಂಬ ಮಾತು ನಾಡಿನವರ ಬಾಯಲ್ಲಿಯೇ ಬೈಗುಳವಾದದ್ದು ವಿಚಿತ್ರವಷ್ಟೆ.

ಈ ಕಂತ್ರಿ ಅಥವಾ ಬೆರಕೆ ನಾಯಿಯ ವಿಷಯದಲ್ಲಿ ನಮ್ಮ ಜನ ಎರಡು ಮಾತು ಆಡುತ್ತಾರೆ. ಒಂದು, ಅದಕ್ಕೆ ಕುಲವಿಲ್ಲ ಎಂಬುದು. ಇನ್ನೊಂದು, ಅದಕ್ಕೆ ರೋಗವಿಲ್ಲ ಎಂಬುದು. ಮೊದಲನೆಯದು ತಿರಸ್ಕಾರ, ಎರಡನೆಯದು ಮೆಚ್ಚುಗೆ. ಹನ್ನೆರಡು ವರ್ಷಗಳ ಅನುಭವದ ಮೇಲೆ ಹೇಳುವುದಾದರೆ, ನಾಯಿಯ ಪ್ರಾಣಕ್ಕೆ ಹೆಚ್ಚು ಅಪಾಯ ತರುವುದು ಆ ಮೆಚ್ಚುಗೆಯೇ.

2013ನೆಯ ಇಸವಿಯ ಆಷಾಢದಲ್ಲಿ, ಶಿವಮೊಗ್ಗದ ನಮ್ಮ ಬೀದಿಯ ಕೊನೆಯಲ್ಲಿರುವ ಮೋರಿಯ ಕೆಳಗೆ ಒಂದು ಹೆಣ್ಣು ನಾಯಿ ಐದು ಮರಿ ಹಾಕಿತು. ಮಳೆ ಹೆಚ್ಚಿ ಮೋರಿಗೆ ನೀರು ನುಗ್ಗಿದ ರಾತ್ರಿ ಆ ತಾಯಿ ಎರಡು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಇಟ್ಟಿತು. ಉಳಿದ ಮೂರು ಏನಾದುವೆಂದು ನಾವು ಹೋಗಿ ನೋಡಲಿಲ್ಲ. ಬಂದ ಎರಡರಲ್ಲಿ ಒಂದು ಗಂಡು, ಕೆಂಪು ಬಣ್ಣ, ಗಿಡ್ಡ ಕೂದಲು, ಸಣ್ಣ ನಡು. ಅದಕ್ಕೆ ಕೆಂಚ ಎಂದು ಹೆಸರಾಯಿತು. ಇನ್ನೊಂದು ಹೆಣ್ಣು, ಮೈತುಂಬ ಬಿಳಿಯ ಜೂಲು, ಬೆನ್ನ ಮೇಲೆ ಸುತ್ತಿದ ಬಾಲ, ಒಂದು ಕಿವಿ ನಿಮಿರಿದ್ದು, ಇನ್ನೊಂದು ಮಡಿಸಿದ್ದು. ಅದೇ ಬೆಳ್ಳಿ.

ಇವೆರಡರ ತಂದೆ ಯಾರೆಂಬ ಚರ್ಚೆ ನಮ್ಮ ಬೀದಿಯಲ್ಲಿ ಒಂದು ತಿಂಗಳು ನಡೆಯಿತು. ಹಾಲು ಹಾಕುವವನು ಬೆಳ್ಳಿಯ ಬಾಲ ನೋಡಿ, ಮೂಲೆಮನೆಯ ಪಾಮೆರೇನಿಯನ್ ನಾಯಿಯದೇ ಕೆಲಸವೆಂದು ತೀರ್ಪು ಕೊಟ್ಟ. ಬಾಗಲಕೋಟೆಯ ಕಡೆಯಿಂದ ವರ್ಗವಾಗಿ ಬಂದಿದ್ದ ಒಬ್ಬ ಅಧಿಕಾರಿಗಳು ಕೆಂಚನ ನಡುವನ್ನು ನೋಡಿ ಮುಧೋಳದ ರಕ್ತವಿದೆಯೆಂದರು. ಒಂದೇ ಹೊಟ್ಟೆಯ ಮರಿಗಳಿಗೆ ಇಬ್ಬರು ತಂದೆಯರೇ ಎಂದು ಕೇಳಿದವರು ನಕ್ಕರು. ಆದರೆ ಅದು ನಗುವ ವಿಷಯವಲ್ಲ. ಹೆಣ್ಣು ನಾಯಿ ಬೆದೆಗೆ ಬಂದ ದಿನಗಳಲ್ಲಿ ಒಂದಕ್ಕಿಂತ ಹೆಚ್ಚು ಗಂಡುಗಳಿಂದ ಗರ್ಭ ಧರಿಸಬಲ್ಲದು. ಒಂದೇ ಹೆರಿಗೆಯಲ್ಲಿ ಬೇರೆ ಬೇರೆ ತಂದೆಯರ ಮರಿಗಳು ಹುಟ್ಟಬಲ್ಲವು. ಹಾಗೆಂದು ಹಾಲಿನವನ ತೀರ್ಪು ಸರಿಯೆಂದೂ ಅಲ್ಲ. ಬೆರಕೆ ನಾಯಿಯ ಮೈಕಟ್ಟು ನೋಡಿ ಅದರ ವಂಶ ಹೇಳುವುದು ನುರಿತವರಿಗೂ ಕಷ್ಟ. ಸುತ್ತಿದ ಬಾಲವಂತೂ ನಮ್ಮ ಬೀದಿನಾಯಿಗಳಿಗೆ ಯಾವ ಪರದೇಶಿಯ ಸಾಲವೂ ಇಲ್ಲದೆ ಬಂದಿರುವ ಆಸ್ತಿ.

ಎರಡು ಶುದ್ಧ ತಳಿಗಳನ್ನು ಬೇಕೆಂದೇ ಕೂಡಿಸಿದಾಗಲೂ ಫಲ ನಮ್ಮ ಕೈಯಲ್ಲಿರುವುದಿಲ್ಲ. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ ಕುರುಡರಿಗೆ ದಾರಿ ತೋರಿಸುವ ನಾಯಿಗಳನ್ನು ಸಾಕುವ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಎಂಬವರು 1989ರಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್ ತಳಿಗಳನ್ನು ಕೂಡಿಸಿದರು. ಹವಾಯಿಯ ಒಬ್ಬ ಅಂಧ ಮಹಿಳೆಗೆ ನಾಯಿ ಬೇಕಾಗಿತ್ತು. ಆಕೆಯ ಪತಿಗೆ ನಾಯಿಯ ಕೂದಲು ಒಗ್ಗುತ್ತಿರಲಿಲ್ಲ. ಹುಟ್ಟಿದ ಮರಿಗಳು ಮೂರು. ಅವುಗಳಲ್ಲಿ ಆ ಮನುಷ್ಯನಿಗೆ ಒಗ್ಗಿದ್ದು ಸುಲ್ತಾನ್ ಎಂಬುದೊಂದೇ. ತಂದೆ ತಾಯಿ ಒಂದೇ, ದಿನ ಒಂದೇ, ಗುಣ ಮಾತ್ರ ಬೇರೆ. ಆಮೇಲೆ ಆ ಬೆರಕೆಗೆ ಲ್ಯಾಬ್ರಡೂಡಲ್ ಎಂಬ ಹೆಸರು ಬಂದು, ಬೆಲೆ ಬಂದು, ಅದನ್ನು ಹುಟ್ಟಿಸಿ ಮಾರುವವರು ಲೋಕದ ತುಂಬ ಹುಟ್ಟಿಕೊಂಡರು. ತಾನು ಮಾಡಿದ ಕೆಲಸಕ್ಕೆ ಕಾನ್ರನ್ನರೇ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ನಮ್ಮ ಮೋರಿಯ ಮರಿಗಳಿಗೆ ಬೆಲೆ ಬರುವ ಭಯವೇನೂ ಇರಲಿಲ್ಲ.

ಕುಲದ ಮಾತು ಬಂದದ್ದರಿಂದ ಒಂದು ಕಲ್ಲಿನ ನೆನಪಾಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದ ಶಾಸನ ಅದು. ಗಂಗರ ಬೂತುಗನ ಕಾಲದ್ದು, ಕ್ರಿ. ಶ. 949-50ರದು. ಮಣಲೇರನೆಂಬ ವೀರ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಕಲ್ಲಿನ ಮೇಲೆ ಎರಡೂ ಮುಖಾಮುಖಿಯಾಗಿ ನಿಂತಿವೆ. ನಮಗೆ ಉಳಿದಿರುವುದು ಕಾಳಿಯ ಹೆಸರು ಮತ್ತು ಅದರ ಕೆಲಸ, ಅಷ್ಟೆ.

ಇನ್ನು ರೋಗದ ಮಾತು. ಮರಿಗಳಿಗೆ ಚುಚ್ಚುಮದ್ದು ಹಾಕಿಸಬೇಕೇ ಎಂದು ನಮ್ಮ ಮನೆಯಾಕೆ ಆಗಲೇ ಕೇಳಿದ್ದಳು. ನಾನು, ಅದೆಲ್ಲ ಜಾತಿನಾಯಿಗಳಿಗೆ, ಇವು ಬೀದಿಯ ಮಣ್ಣು ತಿಂದು ಗಟ್ಟಿಯಾದವು ಎಂದೆ. ನಾಲ್ಕು ಜನ ತಿಳಿದವರೂ ಹಾಗೆಯೇ ಹೇಳಿದ್ದರು. ಮೂರು ತಿಂಗಳು ಮರಿಗಳು ಗುಂಡುಕಲ್ಲಿನಂತೆ ಬೆಳೆದುದನ್ನು ನೋಡಿ ನನ್ನ ಮಾತಿಗೆ ನಾನೇ ತಲೆದೂಗಿದೆ.

ದೀಪಾವಳಿಯ ಹಿಂದಿನ ವಾರ ಕೆಂಚ ಅನ್ನ ಬಿಟ್ಟ. ಮರುದಿನ ನೊರೆನೊರೆಯಾಗಿ ವಾಂತಿ ಮಾಡಿದ. ನಾಯಿ ಹುಲ್ಲು ಮೇಯ್ದು ತಾನೇ ಹೊಟ್ಟೆ ಸರಿಮಾಡಿಕೊಳ್ಳುತ್ತದೆಂದು ಹಿತ್ತಲಿಗೆ ಬಿಟ್ಟೆವು. ಮೆಂತ್ಯದ ಪುಡಿ ಕದಡಿದ ಮಜ್ಜಿಗೆ ಕುಡಿಸಿದೆವು. ಮೂರನೆಯ ದಿನ ಬೆಳಗ್ಗೆ ಹಿತ್ತಲಲ್ಲಿ ರಕ್ತಭೇದಿ; ಒಮ್ಮೆ ಮೂಗಿಗೆ ಬಡಿದರೆ ಮರೆಯಲಾಗದ ನಾತ. ಆಗ ಗೋಣಿಚೀಲದಲ್ಲಿ ಸುತ್ತಿಕೊಂಡು ಡಾಕ್ಟರ ಬಳಿಗೆ ಒಯ್ದೆ. ಅವರು ಮುಂಗಾಲಿನ ಕೂದಲು ಬೋಳಿಸಿ ನರ ಹುಡುಕಿದರು. ಮೈಯ ನೀರೆಲ್ಲ ಇಂಗಿ ನರವೇ ಸಿಕ್ಕಲೊಲ್ಲದು. ಹೇಗೋ ಡ್ರಿಪ್ ಹಾಕಿದರು. ಸಂಜೆಯ ಹೊತ್ತಿಗೆ ಕೆಂಚ ಸತ್ತ. ಡಾಕ್ಟರು ನನ್ನನ್ನು ಬೈಯಲಿಲ್ಲ. ಮನೆಯಲ್ಲಿ ಇನ್ನೊಂದಿದೆಯೇ ಎಂದು ಮಾತ್ರ ಕೇಳಿದರು.

ಇನ್ನೊಂದು ಇತ್ತು. ಎರಡು ದಿನ ಕಳೆದು ಬೆಳ್ಳಿ ಒಂದು ಸಲ ವಾಂತಿ ಮಾಡಿದಳು. ಗಂಟೆಯೊಳಗೆ ಅವಳನ್ನು ಅದೇ ಮೇಜಿನ ಮೇಲೆ ಮಲಗಿಸಿದ್ದೆ. ನಾಲ್ಕು ದಿನ ಬೆಳಗ್ಗೆ ಸಂಜೆ ಡ್ರಿಪ್, ವಾಂತಿ ನಿಲ್ಲುವ ಮದ್ದು, ಸೋಂಕಿನ ಮದ್ದು. ಐದನೆಯ ದಿನ ಒಂದು ಚಮಚ ಗಂಜಿ ನೆಕ್ಕಿದಳು. ಬದುಕಿದಳು.

ಇದಕ್ಕೆ ಪಾರ್ವೊ ಎಂದು ಹೆಸರು. ಬೆಕ್ಕುಗಳಿಗೆ ಬರುವ ಒಂದು ವೈರಸ್ಸಿಗೆ ಹತ್ತಿರದ ಸಂಬಂಧಿ. ನಾಯಿಗಳಲ್ಲಿ ಈ ರೋಗವನ್ನು ಗುರುತಿಸಿದ್ದು 1978ರಲ್ಲಿ. ಎರಡು ಮೂರು ವರ್ಷಗಳೊಳಗೆ ಅದು ಭೂಮಂಡಲವನ್ನೇ ಸುತ್ತಿತು. ಹಾಗೆ ಹೊಸದಾಗಿ ಬಂದ ರೋಗಕ್ಕೆ ಅರಮನೆಯ ನಾಯಿಯೂ ಹೊಸದು, ಮೋರಿಯ ನಾಯಿಯೂ ಹೊಸದು. ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಚಪ್ಪಲಿಯ ತಳಕ್ಕೆ ಅಂಟಿ ಮನೆಯೊಳಗೆ ಬರುತ್ತದೆ. ಫಿನೈಲಿಗೆ ಅದು ಜಗ್ಗುವುದಿಲ್ಲ. ಬ್ಲೀಚಿಂಗ್ ಪುಡಿಯ ನೀರೇ ಬೇಕು. ತಕ್ಕ ಕಾಲಕ್ಕೆ ಚಿಕಿತ್ಸೆ ದೊರೆತ ಮರಿಗಳಲ್ಲಿ ಹೆಚ್ಚಿನವು ಉಳಿಯುತ್ತವೆ; ದೊರೆಯದವುಗಳಲ್ಲಿ ಹೆಚ್ಚಿನವು ಸಾಯುತ್ತವೆ.

ಹಾಗಾದರೆ ಮೂರು ತಿಂಗಳು ನನ್ನ ಮರಿಗಳು ಗುಂಡುಕಲ್ಲಾಗಿದ್ದದ್ದು ಹೇಗೆ? ಇದನ್ನು ಡಾಕ್ಟರು ತಿಳಿಸಿದಾಗ ನನಗೆ ನಾಚಿಕೆಯಾಯಿತು. ಬೀದಿಯಲ್ಲಿ ಬೆಳೆದ ತಾಯಿ ಎಂದೋ ಆ ರೋಗವನ್ನು ಗೆದ್ದಿರುತ್ತಾಳೆ. ಅವಳ ರಕ್ತದಲ್ಲಿರುವ ರಕ್ಷಣೆ ಮೊದಲ ದಿನದ ಗಿಣ್ಣುಹಾಲಿನ ಮೂಲಕ ಮರಿಗಳಿಗೆ ಇಳಿಯುತ್ತದೆ. ಅದು ತಾಯಿ ಕೊಟ್ಟ ಸಾಲ, ಮರಿಯ ಸ್ವಂತ ಗಳಿಕೆಯಲ್ಲ. ವಾರದಿಂದ ವಾರಕ್ಕೆ ಕರಗುತ್ತ ಮೂರು ನಾಲ್ಕು ತಿಂಗಳೊಳಗೆ ಮುಗಿದುಹೋಗುತ್ತದೆ. ಸೋಜಿಗವೆಂದರೆ, ಆ ಸಾಲ ತೀರುವವರೆಗೆ ಚುಚ್ಚುಮದ್ದೂ ಚೆನ್ನಾಗಿ ಹಿಡಿಯುವುದಿಲ್ಲ. ತಾಯಿಯ ರಕ್ಷಣೆಯೇ ಮದ್ದನ್ನೂ ಹೊಡೆದು ಹಾಕುತ್ತದೆ. ಯಾವ ಮರಿಗೆ ಯಾವ ವಾರ ಅದು ತೀರುತ್ತದೆಂದು ಹೊರಗಿನಿಂದ ನೋಡಿ ಹೇಳಲಾಗದು. ಆದ್ದರಿಂದಲೇ ಆರರಿಂದ ಎಂಟನೆಯ ವಾರಕ್ಕೆ ಮೊದಲ ಚುಚ್ಚುಮದ್ದು ಕೊಟ್ಟು, ಮೂರು ನಾಲ್ಕು ವಾರಗಳಿಗೊಮ್ಮೆ, ಮರಿಗೆ ಹದಿನಾರು ವಾರ ತುಂಬುವ ತನಕ, ಮತ್ತೆ ಮತ್ತೆ ಕೊಡುತ್ತಾರೆ, ಮರುವರ್ಷ ಇನ್ನೊಮ್ಮೆ. ಒಂದು ಹಾಕಿಸಿದೆವು, ಸಾಕು ಎನ್ನುವವರು ನನ್ನಂತೆಯೇ ಮೋಸಹೋಗುತ್ತಾರೆ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಾವಲ್ಲ, ಆಮೇಲೆ ಬೀದಿಯಲ್ಲಿ ಕೇಳಿಬಂದ ಮಾತು. ಬೆಳ್ಳಿ ಚೇತರಿಸಿಕೊಂಡು ಗೇಟಿನ ಬಳಿ ಬೊಗಳುವಂತಾದಾಗ ನೋಡಿದವರೆಲ್ಲ, ಕಂತ್ರಿ ನಾಯಿ ನೋಡಿ ಸಾರ್, ಎಂಥ ಗಟ್ಟಿಪಿಂಡ, ಪಾರ್ವೊ ಬಂದರೂ ಬದುಕಿತು ಎಂದರು. ಕೆಂಚನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವನೆಂಬುದು ಯಾರ ನೆನಪಿಗೂ ಬರಲಿಲ್ಲ. ಸತ್ತ ನಾಯಿ ಬೀದಿಯಲ್ಲಿ ಓಡಾಡುವುದಿಲ್ಲವಲ್ಲ. ಕೊಲ್ಕತ್ತದ ಸಂಶೋಧಕರು ಪಶ್ಚಿಮ ಬಂಗಾಳದ ಬೀದಿನಾಯಿಗಳ ಮರಿಗಳನ್ನು ಹುಟ್ಟಿನಿಂದ ಹಿಂಬಾಲಿಸಿ ಲೆಕ್ಕವಿಟ್ಟು 2016ರಲ್ಲಿ ಪ್ರಕಟಿಸಿದರು. ಅವರು ಗಮನಿಸಿದ 364 ಮರಿಗಳಲ್ಲಿ ಪ್ರಾಯಕ್ಕೆ ಬರುವತನಕ ಉಳಿದದ್ದು ನೂರಕ್ಕೆ 19. ಎಂದರೆ ಐದರಲ್ಲಿ ಒಂದು. ನಮ್ಮ ಮೋರಿಯ ಲೆಕ್ಕವೂ ಅದೇ. ಬೀದಿಯಲ್ಲಿ ನಾವು ಕಾಣುವ ಗಟ್ಟಿನಾಯಿಯ ಹಿಂದೆ ನಾವು ಕಾಣದ ನಾಲ್ಕು ಮರಿಗಳಿವೆ; ನಾವು ಉಳಿದುದನ್ನು ಮಾತ್ರ ನೋಡಿ, ಜಾತಿಯೇ ಗಟ್ಟಿ ಎನ್ನುತ್ತೇವೆ.

ಹಾಗಾದರೆ ಬೆರಕೆಯ ಬಲವೆಂಬುದು ಬರಿಯ ಸುಳ್ಳೇ? ಅಲ್ಲ. ಆದರೆ ಅದು ಎಲ್ಲಿದೆಯೋ ಅಲ್ಲಿ ಮಾತ್ರ ಇದೆ. ಪ್ರತಿಯೊಂದು ಜೀವಿಗೂ ಪ್ರತಿಯೊಂದು ಗುಣದ ಎರಡು ಪ್ರತಿಗಳಿರುತ್ತವೆ, ತಂದೆಯಿಂದೊಂದು, ತಾಯಿಯಿಂದೊಂದು. ಒಂದು ಪ್ರತಿ ಕೆಟ್ಟಿದ್ದರೆ ಬಹಳ ಸಲ ಇನ್ನೊಂದು ಅದರ ಮಾನ ಕಾಯುತ್ತದೆ. ಶುದ್ಧ ತಳಿಯೆಂದು ಒಂದೇ ಬಂಧುವರ್ಗದೊಳಗೆ ತಲೆತಲಾಂತರ ಕೂಡಿಸಿದಾಗ ಎರಡೂ ಕಡೆಯಿಂದ ಅದೇ ಕೆಟ್ಟ ಪ್ರತಿ ಬಂದು ಜೋಡಿಯಾಗುವ ಸಂಭವ ಹೆಚ್ಚುತ್ತದೆ. ಬೆರಕೆಯಲ್ಲಿ ಅದು ತಗ್ಗುತ್ತದೆ. ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿರುವ ವಿಶ್ವವಿದ್ಯಾಲಯದವರು ತಮ್ಮ ಪಶು ಆಸ್ಪತ್ರೆಗೆ 1995ರಿಂದ 2010ರವರೆಗೆ ಬಂದ 27,000ಕ್ಕೂ ಹೆಚ್ಚು ನಾಯಿಗಳ ದಾಖಲೆ ತೆಗೆದು, ವಂಶದಿಂದ ಬರುವ 24 ದೋಷಗಳನ್ನು ಹೋಲಿಸಿ ನೋಡಿದರು. ಹತ್ತು ದೋಷಗಳು ಶುದ್ಧ ತಳಿಗಳಲ್ಲಿ ಹೆಚ್ಚಾಗಿದ್ದುವು. ಕಣ್ಣಿನ ಪೊರೆ, ಮುಂಗಾಲಿನ ಮೊಣಕೈ ಕೀಲಿನ ವಿಕಾರ, ಹೃದಯ ಹಿಗ್ಗುವ ಒಂದು ರೋಗ ಮೊದಲಾದವು. ಆದರೆ ಹದಿಮೂರರಲ್ಲಿ ಇವಕ್ಕೂ ಅವಕ್ಕೂ ಏನೂ ಭೇದವಿರಲಿಲ್ಲ. ಸೊಂಟದ ಕೀಲಿನ ದೋಷವೂ ಕೆಲವು ಬಗೆಯ ಕ್ಯಾನ್ಸರುಗಳೂ ಅದರಲ್ಲಿ ಸೇರಿವೆ. ಉಳಿದ ಒಂದು ಬೆರಕೆಗಳಲ್ಲಿಯೇ ಹೆಚ್ಚು. ಅದರ ಮಾತು ಮುಂದೆ ಬರುತ್ತದೆ. ಈ ವರದಿ ಅಚ್ಚಾದದ್ದು ಕೆಂಚ ಸತ್ತ ವರ್ಷವೇ.

ಗಮನಿಸಬೇಕಾದ್ದೆಂದರೆ, ಈ ಪಟ್ಟಿಯಲ್ಲಿ ಪಾರ್ವೊ ಇಲ್ಲ, ರೇಬಿಸ್ ಇಲ್ಲ, ಉಣುಗಿನ ಜ್ವರ ಇಲ್ಲ. ಅವು ವಂಶದಿಂದ ಬರುವವಲ್ಲ, ಹೊರಗಿನಿಂದ ಬರುವವು. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಶ್ರತಳಿಯ ಹಸು ಹಾಲು ಹೆಚ್ಚು ಕೊಟ್ಟೀತು, ಆದರೆ ಬಿಸಿಲಿಗೂ ಉಣುಗಿಗೂ ನಾಟಿ ಹಸುವಿಗಿಂತ ಬೇಗ ಸೋಲುತ್ತದೆಂದು ಅವರು ಬಲ್ಲರು. ಹಸುವಿನ ಬೆರಕೆ ಸೂಕ್ಷ್ಮ, ನಾಯಿಯ ಬೆರಕೆ ವಜ್ರಕಾಯ ಎಂದು ಒಂದೇ ಬಾಯಲ್ಲಿ ಹೇಳುವವರನ್ನು ನಾನು ಕಂಡಿದ್ದೇನೆ, ನಾನೂ ಅವರಲ್ಲೊಬ್ಬನಾಗಿದ್ದೆ.

2018ರ ಬೇಸಗೆಯಲ್ಲಿ ಬೆಳ್ಳಿ ಅನ್ನವನ್ನು ಅರ್ಧಕ್ಕೆ ಬಿಡತೊಡಗಿದಳು. ಸೆಕೆಗೆ ಹೀಗೆ ಎಂದುಕೊಂಡೆ. ನಾಯಿ ನೋವನ್ನು ಹೇಳಿಕೊಳ್ಳುವ ಪ್ರಾಣಿಯಲ್ಲ. ಬಾಲ ಆಡಿಸುತ್ತಲೇ ಸಾಯಬಲ್ಲದು. ಒಂದು ಬೆಳಗ್ಗೆ ನಡುಮನೆಯ ಕೆಂಪು ನೆಲದ ಮೇಲೆ ಮತ್ತಷ್ಟು ಕೆಂಪಾದ ಎರಡು ಹನಿ ಕಂಡುವು. ಅವಳ ಮೂಗಿನಿಂದ ಬಿದ್ದದ್ದು. ಮನೆಯಾಕೆ ಅವಳ ತುಟಿ ಎತ್ತಿ ನೋಡಿದಳು. ವಸಡು ಸುಣ್ಣ ಬಳಿದಂತಿತ್ತು. ರಕ್ತಪರೀಕ್ಷೆಯಲ್ಲಿ ಎರ್ಲಿಕಿಯ ಎಂಬ ಸೂಕ್ಷ್ಮಜೀವಿ ಎಂದು ತಿಳಿಯಿತು. ಉಣುಗು ಕಚ್ಚಿದಾಗ ರಕ್ತಕ್ಕೆ ಸೇರುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು ಕಡಿಮೆ ಮಾಡುತ್ತದೆ. ಇಪ್ಪತ್ತೆಂಟು ದಿನ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಿಸಿದೆವು. ನಾಲ್ಕನೆಯ ದಿನಕ್ಕೇ ಬಾಲ ಮೇಲೆದ್ದರೂ ಮಾತ್ರೆ ನಿಲ್ಲಿಸಲು ಡಾಕ್ಟರು ಬಿಡಲಿಲ್ಲ.

ನಮ್ಮ ಜಿಲ್ಲೆಯವರು ಉಣುಗಿನ ಹೆಸರು ಕೇಳಿದರೆ ಬೆಚ್ಚುವುದು ಸಹಜ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ನೆನಪು ಇನ್ನೂ ಹಸಿಯಾಗಿದೆ. ಆದರೆ ಆ ಕಾಡಿನ ಉಣುಗು ಬೇರೆ, ಮನೆಯ ನಾಯಿಯ ಕಂದು ಉಣುಗು ಬೇರೆ. ಈ ಕಂದು ಉಣುಗಿಗೆ ಕಾಡು ಬೇಡ, ಗೋಡೆ ಸಾಕು. ಹೊಟ್ಟೆತುಂಬ ರಕ್ತ ಕುಡಿದ ಹೆಣ್ಣು ನಾಯಿಯ ಮೈಬಿಟ್ಟು ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ನಾಯಿಯ ಮೈಯಿಂದ ನಾವು ಹೆಕ್ಕಿ ತೆಗೆಯುವುದು ಮನೆಯಲ್ಲಿರುವುದರ ಸಣ್ಣ ಪಾಲು ಮಾತ್ರ. ಆ ಬೇಸಗೆಯಲ್ಲಿ ನಮ್ಮ ಜಗಲಿಯ ಗೋಡೆಗೆ ಹೊಸ ಗಾರೆಯಾಯಿತು. ತಿಂಗಳಿಗೊಮ್ಮೆ ಬೆಳ್ಳಿಯ ಹೆಗಲಿಗೆ ಉಣುಗಿನ ಮದ್ದು ಬೀಳುತ್ತದೆ. ವಾರಕ್ಕೊಮ್ಮೆ ಕಿವಿಯ ಒಳಗು, ಕಾಲ್ಬೆರಳ ಸಂದು, ವಸಡು, ಇಷ್ಟನ್ನು ನೋಡುವುದು ಮನೆಯಾಕೆಯ ಪಾಲಿನ ಕೆಲಸ. ನನ್ನ ಕಣ್ಣಿನ ಮೇಲೆ ಅವಳಿಗೆ ನಂಬಿಕೆ ಹೋಗಿದೆ.

ರೇಬಿಸ್ಸಿನ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರು ತಿಂಗಳಿಗೆ ಮೊದಲ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ. ಯಾವ ನಾಯಿ ಕಚ್ಚಿದರೂ, ತನ್ನ ಮನೆಯದೇ ಆದರೂ, ಗಾಯವನ್ನು ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು. ಅರಿಸಿನ, ಸುಣ್ಣ, ನಾಟಿಮದ್ದುಗಳಲ್ಲಿ ಹೊತ್ತು ಕಳೆಯಬಾರದು. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗಕ್ಕೆ ಮದ್ದಿಲ್ಲ.

ಸ್ವಭಾವದ ವಿಷಯಕ್ಕೆ ಬಂದರೆ, ಕುಲ ನೋಡಿ ಗುಣ ಹೇಳುವವರ ಅಂಗಡಿ ಈಚೆಗೆ ಸ್ವಲ್ಪ ಮಂಕಾಗಿದೆ. ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ನಡವಳಿಕೆಯನ್ನು ವಿಚಾರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾಯಿ ನಾಯಿಗೆ ಇರುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ನೂರಕ್ಕೆ ಸುಮಾರು 9 ಮಾತ್ರ ಎಂದು ಕಂಡುಬಂತು. ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು 1965ರಲ್ಲಿ ಹೊರತಂದ ಗ್ರಂಥ, ಮರಿಯ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲ ಎಷ್ಟು ಮುಖ್ಯವೆಂದು ತೋರಿಸಿತು. ಆಗ ಕಂಡ ಮನುಷ್ಯರೂ ಕೇಳಿದ ಸದ್ದೂ ಮುಂದೆ ಅದಕ್ಕೆ ತನ್ನವೆನಿಸುತ್ತವೆ. ಬೆಳ್ಳಿ ಆ ವಾರಗಳನ್ನು ಕಳೆದದ್ದು ಬೀದಿಗೆ ತೆರೆದ ಜಗಲಿಯಲ್ಲಿ. ಹಾಲಿನವನು, ಹೂವಿನವಳು, ಶಾಲೆಯ ಮಕ್ಕಳು, ಸೈಕಲ್ ಗಂಟೆ, ಎಲ್ಲವೂ ಅವಳ ಬಂಧುಗಳು. ಸಮವಸ್ತ್ರದ ಹುಡುಗರು ಬಾಲ ಎಳೆದರೂ ಸುಮ್ಮನಿರುವವಳು, ಕೊಡೆ ಬಿಚ್ಚಿದರೆ ಮಾತ್ರ ಈಗಲೂ ಮಂಚದ ಕೆಳಗೆ ಸೇರುತ್ತಾಳೆ. ಕೊಡೆಯ ಭಯ ಯಾವ ತಳಿಯಿಂದ ಬಂತೋ ಹಾಲಿನವನೂ ಹೇಳಲಿಲ್ಲ.

ಬೆರಕೆಗಳಲ್ಲಿಯೇ ಹೆಚ್ಚೆಂದು ಹೇಳಿದ ಆ ಒಂದು ದೋಷ, ಹಿಂಗಾಲಿನ ಮಂಡಿಯೊಳಗಿನ ಒಂದು ಕಟ್ಟು ಹರಿಯುವುದು. 2022ರಲ್ಲಿ ಬೆಳ್ಳಿಗೆ ಅದೇ ಆಯಿತು. ಜಗಲಿಯಿಂದ ಎಂದಿನಂತೆ ಹಾರಿದಳು, ಇಳಿದದ್ದು ಮೂರು ಕಾಲಿನ ಮೇಲೆ. ಇದಕ್ಕೆ ವಂಶವನ್ನು ದೂರಿ ನಾನು ಪಾರಾಗುವಂತಿರಲಿಲ್ಲ, ಏಕೆಂದರೆ ತಕ್ಕಡಿ ಎದುರಿಗಿತ್ತು. ಹದಿನಾರು ಕಿಲೊ ಇರಬೇಕಾದವಳು ಇಪ್ಪತ್ತೆರಡು ತೂಗುತ್ತಿದ್ದಳು. ಮಧ್ಯಾಹ್ನದ ತುಪ್ಪದ ಅನ್ನ, ಸಂಜೆಯ ಬಿಸ್ಕತ್ತು, ರಾತ್ರಿ ನನ್ನ ತಟ್ಟೆಯ ಚಪಾತಿಯ ಅಂಚು, ಎಲ್ಲ ಸೇರಿ ಆರು ಕಿಲೊ. ಶಸ್ತ್ರಚಿಕಿತ್ಸೆಯ ಬದಲು ವಿಶ್ರಾಂತಿ ಮತ್ತು ಪಥ್ಯದಿಂದ ನೋಡೋಣವೆಂದರು ಡಾಕ್ಟರು. ಅನ್ನ ಅರ್ಧವಾಯಿತು, ಬೇಯಿಸಿದ ಮೊಟ್ಟೆ, ಕುಂಬಳಕಾಯಿ, ಬೀನ್ಸ್ ಬಂದುವು. ಈರುಳ್ಳಿ ಬಿದ್ದ ಸಾರು ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ, ದ್ರಾಕ್ಷಿ ಮೂತ್ರಪಿಂಡಕ್ಕೆ ಕೇಡು ಎಂಬುದನ್ನು ನಾವು ಕಲಿತದ್ದೂ ಆಗಲೇ. ತೂಕ ಹದಿನೇಳಕ್ಕೆ ಇಳಿಯಲು ಹತ್ತು ತಿಂಗಳು ಹಿಡಿಯಿತು. ಈಗಲೂ ಚಳಿಗಾಲದ ಬೆಳಗ್ಗೆ ಮೊದಲ ನಾಲ್ಕು ಹೆಜ್ಜೆ ಕುಂಟುತ್ತಾಳೆ.

ಬೆಳ್ಳಿಗೆ ಈಗ ಹನ್ನೆರಡು ತುಂಬಿದೆ. ಮುಖದ ಕೂದಲು ಮೊದಲೇ ಬಿಳಿಯಾದ್ದರಿಂದ ಮುಪ್ಪು ಕಾಣುವುದಿಲ್ಲ. 2025ರ ಮಳೆಗಾಲದಲ್ಲಿ ಎದುರುಮನೆಯ ಹುಡುಗ ಅದೇ ಮೋರಿಯಿಂದ ಒಂದು ಕರಿಯ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ. ಇದು ಯಾವ ಜಾತಿ ತಾತ ಎಂದು ಕೇಳಿದ. ಹಾಲಿನವನನ್ನು ಕೇಳು ಎಂದೆ. ಅವನ ತಂದೆ ಗೇಟಿನ ಆಚೆಯಿಂದ, ಬೀದಿ ಮರಿಗೆ ಆಸ್ಪತ್ರೆ ಯಾಕೆ ಸಾರ್, ಅವು ಗಟ್ಟಿ, ನಿಮ್ಮದನ್ನೇ ನೋಡಿ, ಎಂದರು. ನಾನು ಅವರಿಗೆ ಕೆಂಚನ ಕಥೆ ಹೇಳಿದೆ. ಹಿತ್ತಲಿನ ಪೇರಲೆಯ ಬುಡ ತೋರಿಸಿದೆ. ಅವರು ಸ್ವಲ್ಪ ಹೊತ್ತು ನಿಂತು, ಚುಚ್ಚುಮದ್ದಿಗೆ ಎಷ್ಟಾಗುತ್ತದೆಂದು ಕೇಳಿದರು. ಮರಿಯ ಚೀಟಿಯ ತಳಿಯ ಕಲಮಿನಲ್ಲಿಯೂ ಎನ್. ಡಿ. ಎಂದೇ ಬರೆದರು. ಎರಡನೆಯ, ಮೂರನೆಯ, ನಾಲ್ಕನೆಯ ಚುಚ್ಚುಮದ್ದಿನ ತಾರೀಖುಗಳನ್ನು ಮನೆಯಾಕೆ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಕೆಂಪು ಶಾಯಿಯಿಂದ ಗುರುತು ಹಾಕಿಕೊಂಡಳು.